ನಿಂತಾಗ ಕಾಣದಿರಲಿ, ಓಡುವಾಗ ಕಾಣಲಿ
ಗಡಿನಾಡಿನ ದಾರಿಗಳಿಗೆ ವಿದ್ಯುತ್ ಸೈಕಲ್ ಆರಿಸುವ ಬಗೆ

ಮಂಜೇಶ್ವರದ ನೆಲವನ್ನು ಪಡುವಣದಿಂದ ಮೂಡಣಕ್ಕೆ ಕ್ರಮಿಸಿದವರಿಗೆ ಅದರ ಸ್ವಭಾವ ತಿಳಿದಿರುತ್ತದೆ. ಮೊದಲು ಕಡಲ ಕರೆಯ ಮರಳು, ತೆಂಗಿನ ತೋಟ, ರೈಲುಹಳಿ, ಹೆದ್ದಾರಿ. ಅಲ್ಲಿಂದಾಚೆಗೆ ಏರು, ಮುರಕಲ್ಲಿನ ಪದವು, ಇಳಿದರೆ ಅಡಿಕೆ ತೋಟದ ಬೈಲು, ಮತ್ತೆ ಏರು. ಹೊಸಂಗಡಿಯಿಂದ ವರ್ಕಾಡಿ, ಮೀಂಜ, ಪೈವಳಿಕೆಗಳ ಕಡೆಗೆ ಹೊರಡುವ ದಾರಿಗಳೆಲ್ಲ ಬಹುಮಟ್ಟಿಗೆ ಹೀಗೆಯೇ. ಭೂಪಟದಲ್ಲಿ ಏಳೆಂಟು ಕಿಲೋಮೀಟರ್ ಎಂದು ಕಾಣುವ ದೂರವು ಕಾಲಿಗೆ ಅದರ ಎರಡರಷ್ಟಾಗಿ ತೋರುತ್ತದೆ.

ಈ ಏರಿಳಿತಕ್ಕೂ ಕನ್ನಡ ಶಾಲೆಗೂ ಹತ್ತಿರದ ಸಂಬಂಧವಿದೆ. ಮಗುವನ್ನು ಯಾವ ಶಾಲೆಗೆ ಸೇರಿಸುವುದೆಂಬ ಪ್ರಶ್ನೆ ಎದ್ದಾಗ ಮನೆಯಲ್ಲಿ ಮೊದಲು ಭಾಷೆಯ ಮಾತು ಬಂದರೂ, ಎಷ್ಟೋ ಸಲ ಕೊನೆಯ ತೀರ್ಮಾನವಾಗುವುದು ದಾರಿಯ ಮೇಲೆ. ಅಂಗಳಕ್ಕೇ ವ್ಯಾನು ಬರುವ ಶಾಲೆ ಒಂದು ಕಡೆ; ಎರಡು ಗುಡ್ಡದಾಚೆಗಿರುವ ಕನ್ನಡ ಶಾಲೆ ಇನ್ನೊಂದು ಕಡೆ. ಅಲ್ಲಿ ಪಾಠ ಹೇಳುವವರೂ ಇದೇ ದಾರಿಯಲ್ಲಿ ಬಂದು ಹೋಗಬೇಕು. ಬೆಳಗಿನ ಬಸ್ಸು ತಪ್ಪಿದರೆ ಶಾಲೆಯೇ ತಪ್ಪುವ ಊರಿನಲ್ಲಿ ಸ್ವಂತದ್ದೊಂದು ವಾಹನ ಭೋಗದ ವಸ್ತುವಲ್ಲ.

ಆದುದರಿಂದಲೇ ವಿದ್ಯುತ್ ಸೈಕಲಿನ ಮಾತು ಈಗ ಈ ಭಾಗದ ಮನೆಗಳಲ್ಲಿಯೂ ಕೇಳಿಬರುತ್ತಿರುವುದು ಸಹಜ. ಕೊಳ್ಳುವವರ ಬಯಕೆ ಸಾಮಾನ್ಯವಾಗಿ ಎರಡು. ಒಂದು, ಒಮ್ಮೆ ಚಾರ್ಜ್ ಮಾಡಿದರೆ ಬಹುದೂರ ಹೋಗಬೇಕು. ಇನ್ನೊಂದು, ನೋಡುವವರಿಗೆ ಅದು ಸಾದಾ ಸೈಕಲಿನಂತೆಯೇ ಕಾಣಬೇಕು. ಸ್ಟೇಷನ್ನಿನ ಹೊರಗೋ ಅಂಗಡಿಯ ಪಕ್ಕದಲ್ಲೋ ನಿಲ್ಲಿಸಿದಾಗ ಕಳ್ಳನ ಕಣ್ಣಿಗೂ ಕುತೂಹಲದ ಕೈಗೂ ಬೀಳಬಾರದು. ಎರಡೂ ನ್ಯಾಯವಾದ ಬಯಕೆಗಳೇ. ಆದರೆ ಒಂದನ್ನು ಹೆಚ್ಚಿಸಿದರೆ ಇನ್ನೊಂದು ಕುಗ್ಗುತ್ತದೆ. ಜೊತೆಗೆ, ಮರೆಮಾಚುವ ಆಸೆ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲದೆ ಹೋದರೆ ಮನೆಯವರೇ ಅಪಾಯಕ್ಕೆ ಸಿಲುಕುತ್ತಾರೆ.

ಕಾನೂನಿನ ಕಣ್ಣಿನಲ್ಲಿ ಸೈಕಲ್ ಯಾವುದು?

ಪೆಡಲಿಗೆ ಮೋಟಾರಿನ ನೆರವು ಕೊಡುವ ಸೈಕಲನ್ನು 1993ರಲ್ಲಿ ಜಪಾನಿನ ಯಮಹಾ ಸಂಸ್ಥೆ 'ಪಾಸ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಸವಾರನು ತುಳಿದಾಗ ಮಾತ್ರ ಮೋಟಾರು ಕೈಜೋಡಿಸುವುದು, ತುಳಿಯುವುದನ್ನು ನಿಲ್ಲಿಸಿದರೆ ತಾನೂ ನಿಲ್ಲುವುದು, ಇದು ಅದರ ತತ್ತ್ವ. ಅಲ್ಲಿ ಮಕ್ಕಳನ್ನು ಹಿಂದೆ ಮುಂದೆ ಕೂರಿಸಿಕೊಂಡು ಶಿಶುವಿಹಾರಕ್ಕೆ ಬಿಟ್ಟುಬರುವ ತಾಯಂದಿರ ನಿತ್ಯದ ಸಂಗಾತಿಯಾಗಿ ಈ ಸೈಕಲ್ ಬೆಳೆಯಿತು. ಇಂದಿಗೂ ಒಳ್ಳೆಯ ವಿದ್ಯುತ್ ಸೈಕಲಿನ ಆಧಾರ ಅದೇ ತತ್ತ್ವ.

ನಮ್ಮ ದೇಶದ ಕೇಂದ್ರ ಮೋಟಾರು ವಾಹನ ನಿಯಮಗಳು ಇದಕ್ಕೆ ಸ್ಪಷ್ಟವಾದ ಎಲ್ಲೆಯನ್ನು ಹಾಕಿವೆ. ಮೋಟಾರಿನ ಶಕ್ತಿ 0.25 ಕಿಲೋವ್ಯಾಟಿಗಿಂತ, ಅಂದರೆ 250 ವ್ಯಾಟಿಗಿಂತ ಕಡಿಮೆಯಿರಬೇಕು. ವೇಗ ಗಂಟೆಗೆ 25 ಕಿಲೋಮೀಟರನ್ನು ಮುಟ್ಟುವಷ್ಟರಲ್ಲಿ ಮೋಟಾರಿನ ನೆರವು ತಾನಾಗಿ ನಿಲ್ಲಬೇಕು. ನಿಯಮದಂತೆ ಪರೀಕ್ಷೆಗೆ ಒಳಗಾಗಿ ಅನುಮೋದನೆ ಪಡೆದಿರಬೇಕು. ಈ ಎಲ್ಲೆಯೊಳಗಿರುವ ವಾಹನವನ್ನು ಕಾನೂನು ಮೋಟಾರು ವಾಹನವೆಂದು ಪರಿಗಣಿಸುವುದಿಲ್ಲ. ಅದಕ್ಕೆ ನೋಂದಣಿ ಬೇಡ, ನಂಬರ್ ಫಲಕ ಬೇಡ, ಸವಾರನಿಗೆ ಲೈಸೆನ್ಸ್ ಬೇಡ.

ಗಡಿನಾಡಿನವರಿಗೆ ಇದರಿಂದ ಇನ್ನೊಂದು ಅನುಕೂಲವೂ ಇದೆ. ನೋಂದಣಿ ಬೇಕಾಗುವ ವಿದ್ಯುತ್ ಸ್ಕೂಟರನ್ನು ತಲಪಾಡಿಯಾಚೆ ಮಂಗಳೂರಿನಲ್ಲಿ ಕೊಂಡರೆ, ಒಡೆಯನು ವಾಸಿಸುವ ಅಥವಾ ವಾಹನವನ್ನು ಇಡುವ ರಾಜ್ಯದಲ್ಲಿ, ಅಂದರೆ ಕೇರಳದಲ್ಲಿ, ಅದನ್ನು ನೋಂದಾಯಿಸಿಕೊಳ್ಳಬೇಕಾಗುತ್ತದೆ. ತಾತ್ಕಾಲಿಕ ನೋಂದಣಿ, ತೆರಿಗೆ, ಕಾಗದಪತ್ರಗಳ ಓಡಾಟವಿರುತ್ತದೆ. ಸೈಕಲಿಗೆ ಈ ತೊಡಕಿಲ್ಲ. ಮಂಗಳೂರಿನಲ್ಲಿ ಕೊಂಡರೂ ಕಾಸರಗೋಡಿನಲ್ಲಿ ಕೊಂಡರೂ ಅದು ಸೈಕಲ್ಲೇ. ಕೆಟ್ಟಾಗ ಸರಿಪಡಿಸುವವರು ಯಾವ ಕಡೆಗಿದ್ದಾರೆ ಎಂಬುದನ್ನಷ್ಟೇ ಮೊದಲೇ ವಿಚಾರಿಸಿಕೊಂಡರೆ ಸಾಕು.

ಮರೆಮಾಚಬಾರದ ಗುಟ್ಟು

ಅಪಾಯ ಇರುವುದು ಈ ರಿಯಾಯಿತಿಯ ದುರುಪಯೋಗದಲ್ಲಿ. ಹೊರಗೆ 250 ವ್ಯಾಟ್ ಎಂದು ಬರೆದು ಒಳಗೆ ಅದರ ಮೂರು ನಾಲ್ಕು ಪಟ್ಟು ಶಕ್ತಿಯ ಮೋಟಾರನ್ನು ಕೂರಿಸುವುದುಂಟು. ವೇಗಮಿತಿಯ ತಂತಿಯನ್ನು ಕಳಚಿ, 'ಇನ್ನು ನಲುವತ್ತರಲ್ಲಿ ಓಡುತ್ತದೆ, ಲೈಸೆನ್ಸೂ ಬೇಡ' ಎಂದು ಗುಟ್ಟಾಗಿ ಹೇಳಿ ಮಾರುವುದೂ ಉಂಟು. ಕೇರಳದ ಮೋಟಾರು ವಾಹನ ಇಲಾಖೆಯು 2023ರಲ್ಲಿ ಇಂತಹ ಮಾರ್ಪಾಡುಗಳ ಬಗ್ಗೆ ಮಾರಾಟ ಮಳಿಗೆಗಳಲ್ಲಿ ತಪಾಸಣೆ ನಡೆಸಿದ್ದು ಇದೇ ಕಾರಣಕ್ಕೆ.

ಎಲ್ಲೆ ಮೀರಿದ ಕ್ಷಣದಿಂದ ಆ ವಾಹನವು ಕಾನೂನಿನ ದೃಷ್ಟಿಯಲ್ಲಿ ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನ. ದಾರಿಹೋಕರೊಬ್ಬರಿಗೆ ಡಿಕ್ಕಿಯಾಗಿ ಪೆಟ್ಟಾದರೆ ಪರಿಹಾರವನ್ನು ಯಾವ ವಿಮಾ ಸಂಸ್ಥೆಯೂ ಕಟ್ಟಿಕೊಡುವುದಿಲ್ಲ; ಆ ಭಾರ ಒಡೆಯನ ಮನೆ, ಹಿತ್ತಿಲುಗಳ ಮೇಲೆಯೇ ಬೀಳುತ್ತದೆ. ಸವಾರಿ ಮಾಡಿದ್ದು ಹೈಸ್ಕೂಲಿನ ಹುಡುಗನಾದರೆ ವಿಷಯ ಇನ್ನೂ ಗಂಭೀರ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 199ಎ ವಿಧಿಯ ಪ್ರಕಾರ, ಅಪ್ರಾಪ್ತರು ಮೋಟಾರು ವಾಹನದಲ್ಲಿ ಅಪರಾಧವೆಸಗಿದರೆ ಪೋಷಕರು ಅಥವಾ ವಾಹನದ ಒಡೆಯರು ತಪ್ಪಿತಸ್ಥರೆನಿಸಿಕೊಳ್ಳುತ್ತಾರೆ. ಮೂರು ವರ್ಷಗಳವರೆಗಿನ ಸೆರೆವಾಸ, 25,000 ರೂಪಾಯಿ ದಂಡ. ಜೊತೆಗೆ ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಮಗನ ಶಾಲೆಯ ದಾರಿ ಸುಗಮವಾಗಲೆಂದು ಕೊಂಡದ್ದು ಮನೆತನಕ್ಕೇ ಕಂಟಕವಾದರೆ ಅದಕ್ಕಿಂತ ದುಬಾರಿಯಾದ ವ್ಯಾಪಾರ ಬೇರೊಂದಿಲ್ಲ.

ಹಾಗಾಗಿ ಬಿಲ್ಲಿನಲ್ಲಿ ಮೋಟಾರಿನ ಶಕ್ತಿ, ಸೈಕಲಿನ ಕ್ರಮಸಂಖ್ಯೆ, ಬ್ಯಾಟರಿಯ ಕ್ರಮಸಂಖ್ಯೆ ಮೂರನ್ನೂ ಬರೆಸಿಕೊಳ್ಳಬೇಕು. ಅನುಮೋದನೆಯ ಪ್ರಮಾಣಪತ್ರದ ಪ್ರತಿಯನ್ನು ಕೇಳಬೇಕು. ಕೊಡಲು ಹಿಂಜರಿಯುವ ಅಂಗಡಿಯ ಮೆಟ್ಟಿಲನ್ನು ಮತ್ತೆ ಹತ್ತಬೇಕಾಗಿಲ್ಲ.

ಗುಡ್ಡಕ್ಕೆ 250 ವ್ಯಾಟ್ ಸಾಕೇ?

'ನಮ್ಮ ಏರಿಗೆ ಸಣ್ಣ ಮೋಟಾರು ಸಾಲದು' ಎಂಬುದು ದೊಡ್ಡ ಮೋಟಾರನ್ನು ಮಾರುವವರ ಮುಖ್ಯ ವಾದ. ಶಾಲೆಯ ಭೌತಶಾಸ್ತ್ರ ಕಲಿತ ಮಕ್ಕಳೇ ಇದನ್ನು ಲೆಕ್ಕ ಹಾಕಿ ನೋಡಬಹುದು. ಸವಾರರ ತೂಕ 65 ಕಿಲೋ, ಸೈಕಲ್ 25, ಚೀಲ 5. ಒಟ್ಟು 95 ಕಿಲೋ ಎಂದಿಟ್ಟುಕೊಳ್ಳೋಣ. ನೂರು ಮೀಟರ್ ಸಾಗುವಾಗ ಎಂಟು ಮೀಟರ್ ಏರುವ ಕಡಿದಾದ ದಾರಿಯಲ್ಲಿ ಗಂಟೆಗೆ 12 ಕಿಲೋಮೀಟರ್ ವೇಗದಿಂದ ಹತ್ತಲು ಬೇಕಾಗುವ ಶಕ್ತಿ, ಚಕ್ರದ ಘರ್ಷಣೆಯೂ ಸೇರಿ, ಸುಮಾರು 280 ವ್ಯಾಟ್. ಹತ್ತಿರ ಹತ್ತಿರ 250ನ್ನು ಮೋಟಾರು ಕೊಟ್ಟರೆ ಉಳಿದದ್ದು ಕಾಲಿನ ಪಾಲು. ಆರೋಗ್ಯವಂತರು ದಣಿಯದೆ ಐವತ್ತರಿಂದ ನೂರು ವ್ಯಾಟನ್ನು ಪೆಡಲಿಗೆ ಕೊಡಬಲ್ಲರು. ತುಳಿಯಲು ಸಿದ್ಧರಿರುವವರಿಗೆ ಸಣ್ಣ ಮೋಟಾರು ಸಾಕು. ತುಳಿಯಲೊಲ್ಲದವರಿಗೆ ಬೇಕಾದದ್ದು ಸೈಕಲಲ್ಲ, ನೋಂದಣಿಯಾದ ಸ್ಕೂಟರ್.

ಆದರೂ ಒಂದು ಮಾತು. ಹಿಂಚಕ್ರದ ನಡುವೆಯೇ ಮೋಟಾರಿರುವ ಸೈಕಲ್‌ಗಳು ಸರಳ, ಅಗ್ಗ. ಸಾಮಾನ್ಯ ಏರಿಗೆ ಒಗ್ಗುತ್ತವೆ. ಪೆಡಲಿನ ಬಳಿಯೇ ಮೋಟಾರಿರುವವು ಸೈಕಲಿನ ಗೇರನ್ನು ಬಳಸಿಕೊಂಡು ಕಡಿದಾದ ಏರನ್ನೂ ನಿರಾಯಾಸವಾಗಿ ಹತ್ತುತ್ತವೆ. ಬೆಲೆ ಹೆಚ್ಚು, ಚೈನು ಬೇಗ ಸವೆಯುತ್ತದೆ. ಯಾವುದೇ ಆಗಲಿ, ಅಂಗಡಿಯ ಮುಂದಿನ ಸಮತಟ್ಟಾದ ರಸ್ತೆಯಲ್ಲಿ ಓಡಿಸಿ ನೋಡಿದರೆ ಏನೂ ತಿಳಿಯದು. ನಿತ್ಯದ ಚೀಲವನ್ನು ಕಟ್ಟಿಕೊಂಡು ಒಂದು ನಿಜವಾದ ಏರನ್ನು ಹತ್ತಿಸಿ ನೋಡಬೇಕು; ಹಾಗೆಯೇ ಇಳಿಜಾರಿನಲ್ಲಿ ಬ್ರೇಕನ್ನು ಪರೀಕ್ಷಿಸಬೇಕು. ಬ್ರೇಕ್ ಹಿಡಿದ ಕೂಡಲೇ ಮೋಟಾರು ನಿಲ್ಲುವ ವ್ಯವಸ್ಥೆ ಇದೆಯೇ ಎಂಬುದನ್ನು ಕಣ್ಣಾರೆ ಕಂಡುಕೊಳ್ಳಬೇಕು.

ದೂರದ ಲೆಕ್ಕ

ಜಾಹೀರಾತಿನ 'ಒಂದು ಚಾರ್ಜಿಗೆ ಇಷ್ಟು ಕಿಲೋಮೀಟರ್' ಎಂಬುದು ಸಾಮಾನ್ಯವಾಗಿ ಹಗುರ ಸವಾರ, ಸಮತಟ್ಟಾದ ರಸ್ತೆ, ಹೊಸ ಬ್ಯಾಟರಿಗಳ ಲೆಕ್ಕ. ಮನೆಯ ಲೆಕ್ಕಕ್ಕೆ ಬ್ಯಾಟರಿಯ ಮೇಲೆ ಬರೆದ ಎರಡು ಅಂಕಿಗಳು ಸಾಕು. ವೋಲ್ಟನ್ನು ಆಂಪಿಯರ್ ಗಂಟೆಯಿಂದ ಗುಣಿಸಿದರೆ ಬರುವ ವ್ಯಾಟ್ ಗಂಟೆಯೇ ಬ್ಯಾಟರಿಯ ನಿಜವಾದ ಹೊಟ್ಟೆ. ಅಂತಹ ಸಾವಿರ ವ್ಯಾಟ್ ಗಂಟೆ ಸೇರಿದರೆ ಕರೆಂಟು ಬಿಲ್ಲಿನ ಒಂದು ಯೂನಿಟ್.

ಪದವಿನ ಮೇಲಿನ ಮನೆಯಿಂದ 12 ಕಿಲೋಮೀಟರ್ ದೂರದ ಶಾಲೆಗೆ ದಿನವೂ ಹೋಗಿಬರುವ ಶಿಕ್ಷಕಿಯೊಬ್ಬರನ್ನು ಕಲ್ಪಿಸಿಕೊಳ್ಳೋಣ. ಪೆಡಲ್ ತುಳಿಯುತ್ತಲೇ ಹೋದರೆ ಏರಿಳಿತದ ದಾರಿಯಲ್ಲಿ ಕಿಲೋಮೀಟರಿಗೆ ಹತ್ತು ವ್ಯಾಟ್ ಗಂಟೆ ಎಂದು ಹಿಡಿಯಬಹುದು. 24 ಕಿಲೋಮೀಟರಿಗೆ 240. ಆದರೆ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡುವುದು ಅದರ ಆಯುಸ್ಸಿಗೆ ಒಳ್ಳೆಯದಲ್ಲ. ಐದನೆಯ ಒಂದು ಪಾಲನ್ನು ಉಳಿಸಬೇಕು. ಕೆಲವು ವರ್ಷಗಳಲ್ಲಿ ಸವೆತದಿಂದ ಇನ್ನೊಂದು ಐದನೆಯ ಪಾಲು ಕಡಿಮೆಯಾಗುತ್ತದೆ. ಈ ಎರಡನ್ನೂ ಲೆಕ್ಕಕ್ಕೆ ಹಿಡಿದರೆ ಕೊಳ್ಳಬೇಕಾದದ್ದು ಸುಮಾರು 375 ವ್ಯಾಟ್ ಗಂಟೆಯ ಬ್ಯಾಟರಿ. ಅಂದರೆ 36 ವೋಲ್ಟ್, 10.4 ಆಂಪಿಯರ್ ಗಂಟೆ. ತುಳಿಯದೆ ಮೋಟಾರಿನಿಂದಲೇ ಓಡಿಸಿದರೆ ಖರ್ಚು ಹೆಚ್ಚುಕಡಿಮೆ ಇಮ್ಮಡಿಯಾಗಿ, ಇದೇ ಬ್ಯಾಟರಿ ಸಂಜೆಯ ಏರಿನ ಬುಡದಲ್ಲಿಯೇ ಕೈಕೊಡಬಹುದು.

ಮಂಜೇಶ್ವರದಿಂದ ಮಂಗಳೂರಿಗೆ ಸುಮಾರು 20 ಕಿಲೋಮೀಟರ್. ದಿನವೂ ಹೋಗಿಬರಲು ಅದೇ ಕ್ರಮದಲ್ಲಿ 625 ವ್ಯಾಟ್ ಗಂಟೆ ಬೇಕು. ಇಷ್ಟು ದೊಡ್ಡ ಬ್ಯಾಟರಿ ಭಾರವೂ ಹೌದು, ಬೆಲೆಯೂ ಹೌದು. ಕೆಲಸದ ಸ್ಥಳದಲ್ಲಿ ಅನುಮತಿ ಪಡೆದು ಚಾರ್ಜ್ ಮಾಡಿಕೊಳ್ಳಲು ಸಾಧ್ಯವಾದರೆ ಅದರ ಅರ್ಧ ಸಾಕು. ಅದಕ್ಕಿಂತ ಜಾಣತನದ ದಾರಿ ಇನ್ನೊಂದಿದೆ: ಮನೆಯಿಂದ ಮಂಜೇಶ್ವರ, ಉಪ್ಪಳ ಅಥವಾ ಕುಂಬಳೆ ಸ್ಟೇಷನ್ನಿಗೆ ಸೈಕಲ್, ಅಲ್ಲಿಂದ ರೈಲು. ಹೆದ್ದಾರಿಯ ಲಾರಿಗಳ ನಡುವೆ ನೇತ್ರಾವತಿ ಸೇತುವೆಯನ್ನು ಸೈಕಲಿನಲ್ಲಿ ದಾಟುವ ಸಾಹಸವೂ ಆಗ ತಪ್ಪುತ್ತದೆ.

ದೂರವನ್ನು ಅಳೆಯುವಾಗ ಹಳೆಯ ನೆನಪನ್ನು ನಂಬಬಾರದು. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ರಾಷ್ಟ್ರೀಯ ಹೆದ್ದಾರಿ 66 ಆರು ಪಥಗಳಾಗಿ ಅಗಲಗೊಂಡ ಮೇಲೆ, ಎದುರಿಗೆ ಕಾಣುವ ಜಾಗಕ್ಕೂ ಅಂಡರ್‌ಪಾಸ್ ಹುಡುಕಿಕೊಂಡು ಸರ್ವಿಸ್ ರಸ್ತೆಯಲ್ಲಿ ಬಳಸಿ ಹೋಗಬೇಕಾದ ಸ್ಥಿತಿ ಹಲವೆಡೆ ಇದೆ. ನಿಜವಾಗಿ ಸಾಗುವ ದಾರಿಯನ್ನೇ ಒಮ್ಮೆ ಅಳೆದು ಅನಂತರ ಬ್ಯಾಟರಿಯನ್ನು ನಿಶ್ಚಯಿಸುವುದು ಒಳಿತು.

ಸಾದಾ ರೂಪದ ಬೆಲೆ

ಸಾದಾ ಸೈಕಲಿನಂತೆ ಕಾಣುವ ವಿದ್ಯುತ್ ಸೈಕಲ್‌ಗಳಲ್ಲಿ ಬ್ಯಾಟರಿ ಚೌಕಟ್ಟಿನ ಕೊಳವೆಯೊಳಗೆ ಅಡಗಿರುತ್ತದೆ. ಮೋಟಾರು ಹಿಂಚಕ್ರದ ಗೇರುಗಳ ಮರೆಯಲ್ಲಿರುತ್ತದೆ. ರೂಪ ಸೊಗಸು, ತೂಕವೂ ಕಡಿಮೆ. ಆದರೆ ಕೊಳವೆಯೊಳಗೆ ಹಿಡಿಸುವುದು ಸಣ್ಣ ಬ್ಯಾಟರಿ ಮಾತ್ರ. ಎಷ್ಟೋ ಮಾದರಿಗಳಲ್ಲಿ ಅದನ್ನು ಹೊರತೆಗೆಯಲಾಗದು. ಪ್ಲಗ್ ಇರುವಲ್ಲಿಗೆ ಸೈಕಲನ್ನೇ ಒಯ್ಯಬೇಕು. ಮೆಟ್ಟಿಲೇರಿ ಹೋಗಬೇಕಾದ ಮನೆಗಳಿಗೆ ಇದು ಕಷ್ಟ. ಬ್ಯಾಟರಿ ಹಳೆಯದಾದಾಗ ಅದೇ ಸಂಸ್ಥೆಯ ಬಾಗಿಲಿಗೇ ಹೋಗಬೇಕು. ಆ ಸಂಸ್ಥೆ ಬಾಗಿಲು ಮುಚ್ಚಿದ್ದರೆ ಸೈಕಲೂ ಮೂಲೆ ಸೇರುತ್ತದೆ.

ನಿತ್ಯದ ಓಡಾಟಕ್ಕೆ ಮಧ್ಯಮಮಾರ್ಗವೇ ಹಿತ. ಚೌಕಟ್ಟಿನ ಕೊಳವೆಗೆ ಹೊಂದಿಕೊಂಡು, ಬೀಗದಿಂದ ಭದ್ರವಾಗಿ, ಕೀಲಿಕೈಯಿಂದ ಹೊರತೆಗೆಯಬಹುದಾದ ಬ್ಯಾಟರಿ ಇರಲಿ. ಸ್ಟೇಷನ್ನಿನಲ್ಲಿ ಸೈಕಲ್ ನಿಲ್ಲಿಸಿ ಅದನ್ನು ಚೀಲಕ್ಕೆ ಹಾಕಿಕೊಂಡು ಹೊರಟರೆ ಅತ್ಯಂತ ಬೆಲೆಬಾಳುವ ಭಾಗವೇ ಒಡೆಯನ ಜೊತೆಗಿರುತ್ತದೆ. ಹೊಳೆಯುವ ಬಣ್ಣ, ದೊಡ್ಡ ಅಕ್ಷರಗಳು ಬೇಡ. ಚೌಕಟ್ಟನ್ನೂ ಚಕ್ರವನ್ನೂ ಸೇರಿಸಿ ಕಂಬಕ್ಕೆ ಕಟ್ಟುವ ಗಟ್ಟಿ ಬೀಗ ಬೇಕು. ಸೀರೆ ಉಡುವವರು ತಗ್ಗು ಚೌಕಟ್ಟನ್ನೂ ಚೈನಿನ ಮುಚ್ಚಳವನ್ನೂ ಸೀರೆಗಾಪನ್ನೂ ಕೇಳಿ ಹಾಕಿಸಿಕೊಳ್ಳಬೇಕು. ಹಿಂದೆ ಮಗುವನ್ನು ಕೂರಿಸುವುದಾದರೆ ಕ್ಯಾರಿಯರಿನ ಮೇಲಿನ ತೂಕದ ಮಿತಿಯನ್ನು ಓದಬೇಕು. ಬಹುತೇಕ ಕ್ಯಾರಿಯರುಗಳು 25 ಕಿಲೋಗಿಂತ ಹೆಚ್ಚಿನ ಭಾರಕ್ಕಾಗಿ ಮಾಡಿದವಲ್ಲ.

ಈ ಮರೆ ನಿಂತಾಗ ಮಾತ್ರ ಸಲ್ಲುವಂಥದು. ಓಡುವಾಗ ಸೈಕಲ್ ಎಲ್ಲರಿಗೂ ಕಾಣಬೇಕು. ಮಳೆಗಾಲದ ಸಂಜೆ ಐದಕ್ಕೇ ಕತ್ತಲು ಕವಿಯುವ ತೋಟದ ದಾರಿಗಳಲ್ಲಿ ಮುಂದಿನ ದೀಪ, ಹಿಂದಿನ ಕೆಂಪು ದೀಪ, ಬೆಳಕು ಬಿದ್ದಾಗ ಹೊಳೆಯುವ ಪಟ್ಟಿ, ತಿಳಿಬಣ್ಣದ ರೈನ್‌ಕೋಟ್ ಇವು ಅಲಂಕಾರಗಳಲ್ಲ. ವಿದ್ಯುತ್ ಸೈಕಲ್ ಸದ್ದಿಲ್ಲದೆ ಬರುವುದರಿಂದ ಗಂಟೆಯೂ ಬೇಕು. ಕಾನೂನು ಕಡ್ಡಾಯ ಮಾಡಲಿ, ಬಿಡಲಿ, ಹೆಲ್ಮೆಟ್ ತಲೆಯ ಮೇಲಿರಲಿ.

ಮಳೆ, ಉಪ್ಪು, ಸಿಡಿಲು

ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. ಮೋಟಾರು, ಬ್ಯಾಟರಿಗಳ ಮೇಲೆ 'ಐಪಿ' ಎಂಬ ಅಕ್ಷರಗಳ ಮುಂದೆ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಧೂಳಿನಿಂದ, ಎರಡನೆಯದು ನೀರಿನಿಂದ ಸಿಗುವ ರಕ್ಷಣೆ. ಎರಡನೆಯ ಅಂಕಿ 5 ಆದರೆ ಎರಚುವ ನೀರನ್ನು ತಡೆದೀತು. 7 ಆದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆದೀತು. ಆಟಿಯ ಮಳೆಗೆ ಐಪಿ 65ಕ್ಕಿಂತ ಕಡಿಮೆಯದು ಬೇಡ. ಆದರೂ ಚಕ್ರದ ನಡುವಿನವರೆಗೆ ನೀರು ನಿಂತ ದಾರಿಗೆ ಇಳಿಸಬಾರದು. ಪೈಪಿನ ರಭಸದ ನೀರಿನಿಂದ ತೊಳೆಯಬಾರದು. ಕಡಲ ಬದಿಯ ಮನೆಗಳಲ್ಲಿ ಉಪ್ಪುಗಾಳಿ ತಂತಿಗಳ ತುದಿಗಳನ್ನು ಕಚ್ಚಿ ತಿನ್ನುವುದರಿಂದ ವಾರಕ್ಕೊಮ್ಮೆ ಒಣಬಟ್ಟೆಯಿಂದ ಒರೆಸಿ ನೋಡಿಕೊಳ್ಳುವುದು ಅಗತ್ಯ.

ಬ್ಯಾಟರಿಯನ್ನು ಒದ್ದೆಯಾಗಿರುವಾಗ ಚಾರ್ಜಿಗೆ ಹಾಕಬಾರದು. ಬಿಸಿಲಿನಲ್ಲಿ ಬಂದ ಕೂಡಲೇ ಹಾಕದೆ ಅರ್ಧ ಗಂಟೆ ತಣಿಯಲು ಬಿಡಬೇಕು. ಸಂಸ್ಥೆ ಕೊಟ್ಟ ಚಾರ್ಜರನ್ನೇ ಬಳಸಬೇಕು. ಜಾಗದ ಆಯ್ಕೆಯೂ ಮುಖ್ಯ: ಸೌದೆ ಕೊಟ್ಟಿಗೆ, ಅಡಿಕೆ ಸಿಪ್ಪೆಯ ರಾಶಿ, ತೆಂಗಿನ ಗರಿಗಳ ಬಳಿ ಬೇಡ, ಮಕ್ಕಳು ಮಲಗುವ ಕೋಣೆಯಲ್ಲಿ, ಮನೆಯಿಂದ ಹೊರಹೋಗುವ ಏಕೈಕ ಬಾಗಿಲ ಬಳಿ ಬೇಡವೇ ಬೇಡ. ಜಗಲಿಯ ಸಿಮೆಂಟು ನೆಲ ಒಳ್ಳೆಯದು. ಎಲ್ಲರೂ ಮಲಗಿದ ಮೇಲೆ ಚಾರ್ಜ್ ಮಾಡುವ ಅಭ್ಯಾಸ ಬಿಡಬೇಕು. ಗುಡುಗು ಕೇಳಿಸಿದರೆ ಪ್ಲಗ್ಗನ್ನು ಕಳಚಿಡಬೇಕು. ಬ್ಯಾಟರಿ ಉಬ್ಬಿದರೆ, ವಿಚಿತ್ರ ವಾಸನೆ ಬಂದರೆ, ಬಿದ್ದು ಜಜ್ಜಿದ್ದರೆ ಮತ್ತೆ ಬಳಸಬಾರದು. ಹೊಗೆ ಕಂಡರೆ ಮೊದಲು ಮನೆಯವರನ್ನು ಹೊರಗೆ ಕಳುಹಿಸಿ 101ಕ್ಕೆ ಕರೆ ಮಾಡಬೇಕು. ಬ್ಯಾಟರಿಯನ್ನು ಉಳಿಸಲು ಹೋಗಬಾರದು.

ಮನೆಯ ಖರ್ಚು

ಆ ಶಿಕ್ಷಕಿಯ ಲೆಕ್ಕಕ್ಕೇ ಮರಳೋಣ. ದಿನದ 240 ವ್ಯಾಟ್ ಗಂಟೆಯನ್ನು ತುಂಬಲು, ಚಾರ್ಜರಿನ ನಷ್ಟವೂ ಸೇರಿ, ಕಾಲು ಯೂನಿಟಿಗಿಂತ ತುಸು ಹೆಚ್ಚು ಕರೆಂಟು. ಯೂನಿಟಿಗೆ 8 ರೂಪಾಯಿ ಎಂದು ಹಿಡಿದರೂ ಎರಡೂವರೆ ರೂಪಾಯಿ ದಾಟುವುದಿಲ್ಲ. ಲೀಟರಿಗೆ 45 ಕಿಲೋಮೀಟರ್ ಕೊಡುವ ಸ್ಕೂಟರಿಗೆ, ಪೆಟ್ರೋಲು 105 ರೂಪಾಯಿಯಂತೆ, ಅದೇ ದೂರಕ್ಕೆ 56 ರೂಪಾಯಿ. ವರ್ಷಕ್ಕೆ ಇನ್ನೂರು ಶಾಲಾ ದಿನಗಳಾದರೆ ಒಂದು ಕಡೆ ಐನೂರು ರೂಪಾಯಿ, ಇನ್ನೊಂದು ಕಡೆ ಹನ್ನೊಂದು ಸಾವಿರಕ್ಕೂ ಹೆಚ್ಚು.

ಆದರೆ ಲೆಕ್ಕ ಇಲ್ಲಿಗೆ ಮುಗಿಯದು. ಸಾಮಾನ್ಯ ಲಿಥಿಯಂ ಬ್ಯಾಟರಿ ಐನೂರು ಪೂರ್ಣ ಚಾರ್ಜುಗಳ ಆಚೀಚೆಗೆ ಸೊರಗತೊಡಗುತ್ತದೆ. ಈ ಬಳಕೆಯಲ್ಲಿ ವರ್ಷಕ್ಕೆ ಸುಮಾರು 130 ಪೂರ್ಣ ಚಾರ್ಜುಗಳಾಗುವುದರಿಂದ ನಾಲ್ಕು ವರ್ಷಗಳ ಬಾಳಿಕೆಯನ್ನು ನಿರೀಕ್ಷಿಸಬಹುದು. ಲಿಥಿಯಂ ಕಬ್ಬಿಣ ಫಾಸ್ಫೇಟ್ ಎಂಬ ಬಗೆಯದು ತುಸು ಭಾರವಾದರೂ ಅದಕ್ಕಿಂತ ಬಹುಕಾಲ ಬಾಳುತ್ತದೆ, ಬಿಸಿಯನ್ನೂ ಹೆಚ್ಚು ಸಹಿಸುತ್ತದೆ. ಹೊಸ ಬ್ಯಾಟರಿಯ ಬೆಲೆಯನ್ನು ಸೈಕಲ್ ಕೊಳ್ಳುವ ದಿನವೇ ಕೇಳಿ, ಅದನ್ನು ನಾಲ್ಕರಿಂದ ಭಾಗಿಸಿ ವರ್ಷದ ಖರ್ಚಿಗೆ ಸೇರಿಸಿದರೆ ನಿಜವಾದ ಉಳಿತಾಯ ಎಷ್ಟೆಂದು ತಿಳಿಯುತ್ತದೆ. ಹಳೆಯ ಬ್ಯಾಟರಿಯನ್ನು ಗುಜರಿಗೆ ಎಸೆಯಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಹಿಂದಕ್ಕೆ ಪಡೆದು ವಿಲೇವಾರಿ ಮಾಡುವ ಹೊಣೆ ತಯಾರಕರದು.

ಕೊನೆಗೆ, ಕೊಳ್ಳುವ ಮುನ್ನ ಮನೆಮಂದಿ ಒಟ್ಟಿಗೆ ಕುಳಿತು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಕೆಲವೇ. ನಿತ್ಯ ಸಾಗುವ ದಾರಿ ಎಷ್ಟು? ಏರೆಷ್ಟು? ಚಾರ್ಜ್ ಮಾಡುವ ಜಾಗ ಎಲ್ಲಿ? ಕೆಟ್ಟರೆ ಸರಿಪಡಿಸುವವರು ಯಾರು? ಇದನ್ನು ತುಳಿಯುವವರು ಯಾರು, ತಾಯಿಯೋ ತಂದೆಯೋ ಹತ್ತನೆಯ ತರಗತಿಯ ಮಗಳೋ? ಇವುಗಳಿಗೆ ಉತ್ತರ ಸಿಕ್ಕಿದ ಮೇಲೆ ಅಂಗಡಿಗೆ ಹೋದರೆ ಮಾರುವವನ ಮಾತಿಗೆ ಮರುಳಾಗುವ ಭಯವಿಲ್ಲ.

ವಿದ್ಯುತ್ ಸೈಕಲೊಂದು ಗಡಿನಾಡಿನ ಕನ್ನಡ ಶಾಲೆಗಳ ಕಷ್ಟಗಳನ್ನೆಲ್ಲ ತೀರಿಸೀತೆಂದು ಯಾರೂ ಹೇಳಲಾರರು. ಬಸ್ಸು ಬೇಕೆಂಬ ಬೇಡಿಕೆಯೂ, ಸುರಕ್ಷಿತವಾದ ಸರ್ವಿಸ್ ರಸ್ತೆ ಬೇಕೆಂಬ ಬೇಡಿಕೆಯೂ ನಿಲ್ಲಬಾರದು. ಆದರೆ ಶಾಲೆ ದೂರವಾಯಿತೆಂಬ ಒಂದೇ ಕಾರಣಕ್ಕೆ ಮನೆಯ ಭಾಷೆಯನ್ನು ಬಿಡಬೇಕಾಗಿ ಬರುವ ಮನೆಗೆ, ಎರಡು ಗುಡ್ಡಗಳನ್ನು ಬೆವರದೆ ದಾಟಿಸುವ ಪ್ರಾಮಾಣಿಕವಾದ ಸಣ್ಣ ಮೋಟಾರೊಂದು ದೊಡ್ಡ ಆಸರೆ. ಅದು ಅಂಗಡಿಯ ಮುಂದೆ ನಿಂತಾಗ ಸಾದಾ ಸೈಕಲಾಗಿರಲಿ. ಮಳೆಯ ಸಂಜೆಯಲ್ಲಿ ಪದವನ್ನು ಏರಿ ಬರುವಾಗ ಅದರ ಕೆಂಪು ದೀಪ ದೂರದಿಂದಲೇ ಎಲ್ಲರಿಗೂ ಕಾಣುತ್ತಿರಲಿ.